ತೂರಿ ತೆಗೆದ ಚಿನ್ನ: ಕೂಲ್ಗಾರ್ಡಿಯ ಹವೆ ಮತ್ತು ಚರಿತ್ರೆ

(ಕೋಲಾರದಲ್ಲಿ ಒಂದು ಭಾನುವಾರ ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಣದಲ್ಲಿ ರಾಗಿ ತೂರುವುದನ್ನು ಕಣ್ಣಾರೆ ಕಂಡವರು ಇಲ್ಲಿ ಎಷ್ಟು ಜನ ಇದ್ದೀರಿ? ಬಹಳ ಕೈಗಳು ಮೇಲೆದ್ದಿವೆ, ನನ್ನ ಕೆಲಸ ಹಗುರವಾಯಿತು. ಮೊರ ತುಂಬಿಕೊಂಡು ತಲೆಯ ಮಟ್ಟಕ್ಕೆ ಎತ್ತಿ, ಗಾಳಿ ನೋಡಿಕೊಂಡು ನಿಧಾನವಾಗಿ ಸುರಿಯುತ್ತಾರೆ. ಹೊಟ್ಟು ಹಾರಿ ದೂರ ಬೀಳುತ್ತದೆ, ಕಾಳು ಕಾಲ ಬುಡದಲ್ಲೇ ರಾಶಿಯಾಗುತ್ತದೆ. ಈಗ ರಾಗಿಯ ಬದಲು ಕೆಂಪು ಮಣ್ಣು, ಮೊರದ ಬದಲು ತಗಡಿನ ತಟ್ಟೆ, ಕಾಳಿನ ಬದಲು ಚಿನ್ನ ಎಂದುಕೊಳ್ಳಿ. 1890ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕೂಲ್ಗಾರ್ಡಿ ಎಂಬ ಊರಿನಲ್ಲಿ ಚಿನ್ನ ತೆಗೆದದ್ದು ಹೀಗೆ.

ಮಣ್ಣಿನಿಂದ ಚಿನ್ನವನ್ನು ಬೇರೆ ಮಾಡಲು ಲೋಕದಲ್ಲೆಲ್ಲ ಬಳಸುವುದು ನೀರನ್ನು. ತಟ್ಟೆಯಲ್ಲಿ ಮಣ್ಣು ಹಾಕಿ ತೊಳೆದರೆ ಹಗುರವಾದದ್ದು ಹರಿದು ಹೋಗುತ್ತದೆ, ಭಾರವಾದ ಚಿನ್ನ ತಳದಲ್ಲಿ ಉಳಿಯುತ್ತದೆ. ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರದ ವಸ್ತು ಅದು. ಕೂಲ್ಗಾರ್ಡಿಯಲ್ಲಿ ಕುಡಿಯುವುದಕ್ಕೇ ನೀರಿರಲಿಲ್ಲ, ತೊಳೆಯುವ ಮಾತೆಲ್ಲಿ? ಅಲ್ಲಿದ್ದದ್ದು ಗಾಳಿ ಮತ್ತು ಒಣಗಿ ಹಿಟ್ಟಾದ ಮಣ್ಣು. ಒಂದು ತಟ್ಟೆಯನ್ನು ನೆಲದ ಮೇಲಿಟ್ಟು, ಇನ್ನೊಂದನ್ನು ಎತ್ತಿ ಹಿಡಿದು ಸುರಿಯುವುದು, ಮತ್ತೆ ತುಂಬುವುದು, ಮತ್ತೆ ಸುರಿಯುವುದು. ಇದನ್ನು ಅವರು ‘ಡ್ರೈ ಬ್ಲೋಯಿಂಗ್’ ಎಂದರು. ಕೊನೆಗೆ ಉಳಿದ ಹಿಡಿ ಮಣ್ಣನ್ನು ಬಾಯಿಂದ ಊದಿ ನೋಡುವುದು. ‘ಗಾಳಿ ಬಂದಾಗ ತೂರಿಕೋ’ ಎಂಬ ನಮ್ಮ ಗಾದೆಯನ್ನು ಇಷ್ಟು ಅಕ್ಷರಶಃ ಪಾಲಿಸಿದ ಊರು ಇನ್ನೊಂದು ಇರಲಾರದು.

ನಾನು ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವನು. ಸಯನೈಡ್ ದಿಬ್ಬದ, ಅಂದರೆ ಚಿನ್ನ ತೆಗೆದು ಬಿಟ್ಟ ಗಣಿ ಮಣ್ಣಿನ ರಾಶಿಯ, ಬಿಳಿ ಧೂಳು ನಮ್ಮ ಒಗೆದ ಬಟ್ಟೆಯ ಮೇಲೆ ಕೂರುತ್ತಿದ್ದ ಕಾಲ ಅದು. ಆಮೇಲೆ ಮೂವತ್ತು ವರ್ಷ ಭೂಗೋಳ ಪಾಠ ಮಾಡಿದೆ. ಮಗಳು ಪಶ್ಚಿಮ ಆಸ್ಟ್ರೇಲಿಯದ ರಾಜಧಾನಿ ಪರ್ತ್‌ನಲ್ಲಿದ್ದಾಳೆ. ಅಲ್ಲಿಗೆ ಹೋದಾಗ ಎಲ್ಲರೂ ಕಡಲು, ಕಾಂಗರೂ ತೋರಿಸುತ್ತಾರೆ. ನಾನು ಚಿನ್ನದ ಊರು ತೋರಿಸು ಎಂದೆ. ಪೂರ್ವಕ್ಕೆ ಸುಮಾರು 560 ಕಿ.ಮೀ. ಕಾರು ಓಡಿಸಿಕೊಂಡು ಕರೆದೊಯ್ದಳು. ದಾರಿಯುದ್ದಕ್ಕೂ ಬಹುಪಾಲು ರಸ್ತೆಯ ಪಕ್ಕದಲ್ಲೇ ಒಂದು ದಪ್ಪ ಕೊಳವೆ ನಮ್ಮ ಜೊತೆಗೇ ಬರುತ್ತಿತ್ತು. ಅದರ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಹವೆ. ಕೂಲ್ಗಾರ್ಡಿಯನ್ನು ಮರುಭೂಮಿಯ ಊರು ಎಂದು ಕರೆಯುವುದು ರೂಢಿ. ಆದರೆ ಕಾರಿನಿಂದ ಇಳಿದಾಗ ಕಂಡದ್ದು ಮರಳಿನ ದಿಣ್ಣೆಯಲ್ಲ, ಮರಗಳು. ಹೊಳೆಯುವ ತಾಮ್ರದ ಬಣ್ಣದ ತೊಗಟೆಯ ನೀಲಗಿರಿ ಜಾತಿಯವು, ಕೆಂಪು ಮಣ್ಣಿನ ಮೇಲೆ ದೂರ ದೂರವಾಗಿ ನಿಂತವು. ಭೂಗೋಳದವರು ಇದನ್ನು ಅರೆಶುಷ್ಕ ಪ್ರದೇಶ ಎನ್ನುತ್ತಾರೆ. ಪೂರ್ವಕ್ಕೆ ಮತ್ತು ಉತ್ತರಕ್ಕೆ ಹೋದಂತೆ ನಿಜವಾದ ಮರುಭೂಮಿ ಸಿಗುತ್ತದೆ. ವರ್ಷದ ಸರಾಸರಿ ಮಳೆ 270 ಮಿ.ಮೀ. ಆಸುಪಾಸು. ಕರ್ನಾಟಕದಲ್ಲಿ ಬರಕ್ಕೆ ಹೆಸರಾದ ಚಳ್ಳಕೆರೆಯಲ್ಲಿ ಬೀಳುವುದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಎಂದಿಟ್ಟುಕೊಳ್ಳಿ. ಆವಿಯಾಗಿ ಹೋಗಬಲ್ಲ ನೀರು ಅದರ ಹಲವು ಪಟ್ಟು. ಕೆರೆ ಕಟ್ಟಿದರೆ ಮೋಡಕ್ಕೇ ಸಾಲ ಕೊಟ್ಟಂತೆ.

ಈ ಸರಾಸರಿ ಎಂಬುದೂ ಮೋಸದ ಅಂಕಿ. ನಮಗೆ ಮುಂಗಾರು ಎಂಬ ಒಂದು ನಂಬಿಕೆಯಾದರೂ ಇದೆ. ರೋಹಿಣಿ, ಮೃಗಶಿರ, ಆರಿದ್ರೆ ಎಂದು ಹೆಸರಿಟ್ಟು ಕಾಯುತ್ತೇವೆ. ಕೂಲ್ಗಾರ್ಡಿಯಲ್ಲಿ ಮಳೆಗೆ ಅಂಥ ಹೆಸರು ಇಡುವಂತಿಲ್ಲ. ಅಲ್ಲಿ ಜೂನ್, ಜುಲೈ ಚಳಿಗಾಲ. ನೈಋತ್ಯದ ಕಡಲಿನಿಂದ ಬರುವ ಮೋಡ ತನ್ನ ಸರಕನ್ನೆಲ್ಲ ಪರ್ತ್ ಸುತ್ತಮುತ್ತ ಮತ್ತು ಅದರ ಹಿಂದಿನ ಬೆಟ್ಟದಲ್ಲಿ ಇಳಿಸಿ, ಬರಿಗೈಯಲ್ಲಿ ಇಲ್ಲಿಗೆ ತಲುಪುತ್ತದೆ. ಬೇಸಿಗೆಯಲ್ಲಿ ವಾಯವ್ಯ ಕರಾವಳಿಗೆ ಬಡಿದ ಚಂಡಮಾರುತದ ಬಾಲ ಅಪರೂಪಕ್ಕೆ ಇತ್ತ ಬೀಸಿದರೆ ಒಂದೇ ದಿನದಲ್ಲಿ ತಿಂಗಳುಗಳ ಮಳೆ ಸುರಿದುಬಿಡುತ್ತದೆ. ಹಾಗೆ ಸುರಿದ ಒಂದು ಮಳೆಯ ಕಥೆಯೂ ಇದೆ.

ಜನವರಿಯಲ್ಲಿ ಸರಾಸರಿ ಗರಿಷ್ಠ ಉಷ್ಣತೆ 33, 34 ಡಿಗ್ರಿ. ಕೇಳಲು ಏನೂ ಅನ್ನಿಸುವುದಿಲ್ಲ, ರಾಯಚೂರಿನವರು ನಗುತ್ತಾರೆ. ಆದರೆ ನಡುನಡುವೆ 40 ದಾಟುವ ದಿನಗಳು ಬರುತ್ತವೆ, ಬಟ್ಟೆ ಮನೆಯಲ್ಲಿ, ಅಂದರೆ ಡೇರೆಯಲ್ಲಿ, ವಾಸ ಮಾಡುವವನಿಗೆ ಅದು ಬೇರೆಯೇ ಲೆಕ್ಕ. ಚಳಿಗಾಲದ ಬೆಳಗಿನಲ್ಲಿ ಇಬ್ಬನಿ ಹೆಪ್ಪುಗಟ್ಟುವುದೂ ಉಂಟು. ಬಿಸಿಲಿನ ದಿನದ ಕೊನೆಯಲ್ಲಿ, ಅದೃಷ್ಟವಿದ್ದರೆ, ದಕ್ಷಿಣದ ಕಡಲಿನಿಂದ ಮುನ್ನೂರು ಚಿಲ್ಲರೆ ಕಿಲೋಮೀಟರ್ ದಾಟಿ ಒಂದು ತಂಪು ಗಾಳಿ ರಾತ್ರಿ ಬರುತ್ತದೆ. ಕರಾವಳಿಯ ಊರಿನ ಹೆಸರಿಟ್ಟು ಅದನ್ನು ‘ಎಸ್ಪೆರೆನ್ಸ್ ಡಾಕ್ಟರ್’ ಎನ್ನುತ್ತಾರೆ. ರಾತ್ರಿ ಮನೆಗೇ ಬರುವ, ಶುಲ್ಕ ಕೇಳದ ವೈದ್ಯ.

ಯುವಕನಾಗಿದ್ದಾಗ ಗಣಿ ಎಂಜಿನಿಯರ್ ಆಗಿ 1897ರಲ್ಲಿ ಇಲ್ಲಿಗೆ ಬಂದ ಹರ್ಬರ್ಟ್ ಹೂವರ್, ಹೌದು, ಮುಂದೆ ಅಮೆರಿಕದ ಅಧ್ಯಕ್ಷನಾದವನೇ, ಈ ಸೀಮೆಯನ್ನು ಕೆಂಪು ಧೂಳು, ಕರಿ ನೊಣ, ಬಿಳಿ ಕಾವು ಎಂದು ಮೂರು ಬಣ್ಣದಲ್ಲಿ ಹೇಳಿ ಮುಗಿಸಿದನೆಂದು ಪ್ರತೀತಿ. ನಾನು ಹೋದಾಗ ಧೂಳು ಕಡಿಮೆಯಿತ್ತು. ನೊಣ ಮಾತ್ರ ಹೂವರನನ್ನು ಮರೆತಿರಲಿಲ್ಲ.

ಹಾಗಾದರೆ ಇಲ್ಲಿ ಮನುಷ್ಯರೇ ಇರಲಿಲ್ಲವೇ? ಸಾವಿರಾರು ವರ್ಷಗಳಿಂದ ಇದ್ದರು. ಚಿತ್ರದುರ್ಗದ, ಸಾವನದುರ್ಗದ ಬಂಡೆಗಳ ಮೇಲೆ ಮಳೆನೀರು ನಿಲ್ಲುವ ದೊಣೆಗಳನ್ನು ನೀವು ನೋಡಿದ್ದೀರಿ. ಅಲ್ಲಿಯೂ ಗ್ರಾನೈಟ್ ಬಂಡೆಗಳಿವೆ, ಅವುಗಳಲ್ಲಿ ದೊಣೆಗಳಿವೆ. ‘ನ್ಯಾಮಾ’ ಎಂದು ಕರೆಯುತ್ತಾರೆ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಮೂಲನಿವಾಸಿಗಳು ಅವುಗಳ ಬಾಯಿಗೆ ಚಪ್ಪಡಿ, ಕೊಂಬೆ ಮುಚ್ಚಿ ಪ್ರಾಣಿ ಬೀಳದಂತೆ, ನೀರು ಆವಿಯಾಗದಂತೆ ಕಾಪಾಡಿಕೊಂಡು ಬಂದಿದ್ದರು. ಯಾವ ದೊಣೆಯಿಂದ ಯಾವುದಕ್ಕೆ ಎಷ್ಟು ದಿನದ ನಡಿಗೆ ಎಂಬುದೇ ಅವರ ನಕ್ಷೆ. ಒಂದು ಕುಟುಂಬ ಎಚ್ಚರದಿಂದ ಬಳಸಿದರೆ ವಾರಗಟ್ಟಲೆ ಬರುವ ನೀರನ್ನು ಚಿನ್ನದವರ ಕುದುರೆಗಳು ಒಂದು ಮಧ್ಯಾಹ್ನದಲ್ಲಿ ಹೀರಿ ಮುಗಿಸಿದವು. 1896ರಲ್ಲಿ ಕೂಲ್ಗಾರ್ಡಿಯಿಂದ ಉತ್ತರಕ್ಕೆ ಶೋಧಯಾತ್ರೆ ಹೊರಟ ಡೇವಿಡ್ ಕಾರ್ನೆಗಿ, ದಾರಿಯಲ್ಲಿ ಮೂಲನಿವಾಸಿಗಳನ್ನು ಹಿಡಿದು ಕಟ್ಟಿ, ನೀರು ತೋರಿಸುವಂತೆ ಮಾಡಿದೆ ಎಂದು ಯಾವ ಅಳುಕೂ ಇಲ್ಲದೆ ತಾನೇ ಬರೆದುಕೊಂಡಿದ್ದಾನೆ. ಊರಿನ ಸ್ಥಾಪಕರ ಪಟ್ಟಿಯಲ್ಲಿ ದೊಣೆ ಕಾಯ್ದವರ ಹೆಸರಿಲ್ಲ.

ಸ್ಥಾಪಕರು ಎಂದು ಹೆಸರಾದವರು ಆರ್ಥರ್ ಬೇಲಿ ಮತ್ತು ವಿಲಿಯಂ ಫೋರ್ಡ್. 1892ರ ಸೆಪ್ಟೆಂಬರ್ 17ರಂದು ಬೇಲಿ ಸುಮಾರು 185 ಕಿ.ಮೀ. ಕುದುರೆ ಓಡಿಸಿಕೊಂಡು ಸದರ್ನ್ ಕ್ರಾಸ್ ಎಂಬ ಗಣಿ ಊರಿಗೆ ಬಂದು, ಅಧಿಕಾರಿಯ ಮೇಜಿನ ಮೇಲೆ 554 ಔನ್ಸ್ ಚಿನ್ನ ಸುರಿದ. ಹದಿನೇಳು ಕಿಲೋ ಚಿನ್ನ! ಊರು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿತು. ಮುಂದಿನದು ಎಲ್ಲ ಚಿನ್ನದ ಊರುಗಳ ಕಥೆಯೇ, ಬೇಗ ದಾಟಿಬಿಡೋಣ. ಮರುವರ್ಷ ಜೂನ್‌ನಲ್ಲಿ ನಲವತ್ತು ಕಿ.ಮೀ. ಆಚೆ ಪ್ಯಾಡಿ ಹ್ಯಾನನ್ ಮತ್ತು ಜೊತೆಗಾರರಿಗೆ ಕಾಲ್ಗೂರ್ಲಿಯ ಚಿನ್ನ ಸಿಕ್ಕಿತು. 1896ರಲ್ಲಿ ರೈಲು ಬಂತು. 1898ರ ಹೊತ್ತಿಗೆ ಕೂಲ್ಗಾರ್ಡಿ ಪರ್ತ್ ಮತ್ತು ಫ್ರೀಮ್ಯಾಂಟಲ್ ಬಿಟ್ಟರೆ ಬ್ರಿಟಿಷರ ಪಶ್ಚಿಮ ಆಸ್ಟ್ರೇಲಿಯ ವಸಾಹತಿನ ಮೂರನೆಯ ದೊಡ್ಡ ಊರು. ಸುಮಾರು 15,000 ಜನ, ಎರಡು ಷೇರುಪೇಟೆ, ಇಪ್ಪತ್ತಕ್ಕೂ ಹೆಚ್ಚು ಹೋಟೆಲು. 1899ರಲ್ಲಿ ಅಂತಾರಾಷ್ಟ್ರೀಯ ಗಣಿ ಪ್ರದರ್ಶನವನ್ನೂ ನಡೆಸಿದರು. ಬೇಲಿ ಅದನ್ನು ನೋಡಲಿಲ್ಲ. 1896ರಲ್ಲೇ, ಮೂವತ್ತೊಂದರ ವಯಸ್ಸಿನಲ್ಲಿ, ತೀರಿಕೊಂಡಿದ್ದ.

ಇಷ್ಟು ಜನ ಏನು ಕುಡಿದರು? ಸುತ್ತಮುತ್ತ ಉಪ್ಪು ಸರೋವರಗಳಿವೆ, ನೆಲ ಕೊರೆದರೂ ಉಪ್ಪುನೀರು. ಅದನ್ನು ದೊಡ್ಡ ಕಬ್ಬಿಣದ ತೊಟ್ಟಿಗಳಲ್ಲಿ ಕುದಿಸಿ, ಆವಿಯನ್ನು ತಗಡಿನ ಉದ್ದನೆಯ ಕೊಳವೆಗಳಲ್ಲಿ ತಣಿಸಿ ಹನಿ ಹನಿ ಸಿಹಿನೀರು ಇಳಿಸುತ್ತಿದ್ದರು. ನಮ್ಮ ಕಡೆ ಕಳ್ಳಭಟ್ಟಿ ಇಳಿಸುವ ಕ್ರಮವೇ, ಇಳಿಯುತ್ತಿದ್ದದ್ದು ನೀರು ಅಷ್ಟೇ. ಒಲೆಗೆ ಮರ ಬೇಕು. ಊರಿನ ಸುತ್ತ ಮೈಲಿಗಟ್ಟಲೆ ಕಾಡು ಹೀಗೆ ಬಾಯಾರಿಕೆಗೆ ಉರಿಯಿತು. ನೀರಿನ ಬೆಲೆ ಗ್ಯಾಲನ್‌ಗೆ ಶಿಲಿಂಗ್‌ಗಟ್ಟಲೆ ಏರಿದ ದಿನಗಳಿದ್ದವು. ಸ್ನಾನ ಶ್ರೀಮಂತರ ಚಟವಾಯಿತು. ಕೊಳೆ, ನೊಣ, ಬಯಲು ಶೌಚ ಸೇರಿ ಪ್ರತಿ ಬೇಸಿಗೆಯೂ ವಿಷಮಶೀತ ಜ್ವರ, ಅಂದರೆ ಟೈಫಾಯಿಡ್, ಬರುತ್ತಿತ್ತು. ಚಿನ್ನಕ್ಕೆಂದು ಕಡಲು ದಾಟಿ ಬಂದ ಇಪ್ಪತ್ತರ ಹುಡುಗರು ಡೇರೆ ಆಸ್ಪತ್ರೆಗಳಲ್ಲಿ ಸತ್ತರು. ಸ್ಮಶಾನದಲ್ಲಿ ಹೆಸರಿಲ್ಲದ ದಿಬ್ಬಗಳನ್ನು ನೋಡಿದೆ. ಅಲ್ಲೇ ಅರ್ನೆಸ್ಟ್ ಜೈಲ್ಸ್‌ನ ಸಮಾಧಿಯೂ ಇದೆ. 1870ರ ದಶಕದಲ್ಲಿ ಈ ಮರುಭೂಮಿಗಳನ್ನು ಅಡ್ಡಲಾಗಿ ದಾಟಿದ ಅನ್ವೇಷಕ. ಕೊನೆಗೆ ಕೂಲ್ಗಾರ್ಡಿಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ, 1897ರಲ್ಲಿ ನ್ಯುಮೋನಿಯಾದಿಂದ ಸತ್ತ.

ಇನ್ನು ನನಗೆ ತುಂಬ ಇಷ್ಟವಾದ ವಸ್ತು. ಅಡುಗೆಮನೆಯ ಒಂದು ಕಪಾಟು. ‘ಕೂಲ್ಗಾರ್ಡಿ ಸೇಫ್’ ಎಂದು ಅದರ ಹೆಸರು. ಆರ್ಥರ್ ಪ್ಯಾಟ್ರಿಕ್ ಮೆಕಾರ್ಮಿಕ್ ಎಂಬ ಗುತ್ತಿಗೆದಾರ 1890ರ ದಶಕದಲ್ಲಿ ಮಾಡಿದ್ದೆನ್ನುತ್ತಾರೆ. ಮರದ ಚೌಕಟ್ಟು, ಸುತ್ತ ತಂತಿಯ ಜಾಲರಿ, ಅದರ ಮೇಲೆ ಗೋಣಿತಟ್ಟು. ತಲೆಯ ಮೇಲೆ ನೀರು ತುಂಬಿದ ತಗಡಿನ ತಟ್ಟೆ. ತಟ್ಟೆಯಿಂದ ಬಟ್ಟೆಯ ಪಟ್ಟಿಗಳನ್ನು ಗೋಣಿಯ ಮೇಲೆ ಇಳಿಬಿಟ್ಟರೆ ದೀಪದ ಬತ್ತಿ ಎಣ್ಣೆ ಎಳೆದಂತೆ ಅವು ನೀರೆಳೆದು ಗೋಣಿಯನ್ನು ಒದ್ದೆಯಾಗಿಡುತ್ತವೆ. ಒಣಗಾಳಿ ಬೀಸಿದಂತೆ ನೀರು ಆವಿಯಾಗುತ್ತದೆ, ಆವಿ ತನ್ನ ಜೊತೆ ಕಾವನ್ನು ಒಯ್ಯುತ್ತದೆ, ಒಳಗಿನ ಬೆಣ್ಣೆ ಕರಗುವುದಿಲ್ಲ. ನಾಲ್ಕು ಕಾಲುಗಳನ್ನು ಇರುವೆ ಹತ್ತದಂತೆ ನೀರಿನ ಡಬ್ಬಿಗಳಲ್ಲಿ ನಿಲ್ಲಿಸುತ್ತಿದ್ದರು. ನನ್ನ ಅಜ್ಜಿ ಹಾಲಿನ ಕಪಾಟಿಗೆ ಇದನ್ನೇ ಮಾಡುತ್ತಿದ್ದರು. ಪೇಟೆಂಟ್ ಮಾಡಿಸಲಿಲ್ಲ ಅಷ್ಟೇ.

ಹೂಜಿಯ ವಿದ್ಯೆಯೇ ಇದು. ಗಾಳಿ ಒಣಗಿದಷ್ಟೂ ಕೆಲಸ ಚೆನ್ನ. 40 ಡಿಗ್ರಿ ಬಿಸಿಲು, ಗಾಳಿಯಲ್ಲಿ ತೇವ ನೂರಕ್ಕೆ ಹತ್ತು ಇದ್ದರೆ, ಲೆಕ್ಕದ ಪ್ರಕಾರ ಒದ್ದೆ ಬಟ್ಟೆ 20 ಡಿಗ್ರಿಯ ಹತ್ತಿರಕ್ಕೆ ತಣಿಯಬಲ್ಲದು. ಇದೇ ಕಪಾಟನ್ನು ಮಂಗಳೂರಿನಲ್ಲಿಟ್ಟರೆ ಗೋಣಿಗೆ ಬೂಷ್ಟು ಹಿಡಿಯುತ್ತದೆ, ಬೆಣ್ಣೆ ಬೆಣ್ಣೆಯಾಗಿ ಉಳಿಯುವುದಿಲ್ಲ. ಊರನ್ನು ಕೊಲ್ಲುತ್ತಿದ್ದ ಒಣಹವೆಯನ್ನೇ ಆಳಾಗಿ ದುಡಿಸಿಕೊಂಡ ಕಪಾಟು ಎಂದೇ ನನಗೆ ಅದರ ಮೇಲೆ ಇಷ್ಟು ಪ್ರೀತಿ.

ರೈಲು ಬರುವ ಮುನ್ನ, ಬಂದ ಮೇಲೂ ದೂರದ ಗಣಿಗಳಿಗೆ, ಸಾಮಾನು ಹೊತ್ತದ್ದು ಒಂಟೆಗಳು. ಒಂಟೆಗಳ ಜೊತೆ ಬಂದವರನ್ನು ಅಲ್ಲಿನವರು ‘ಅಫ್ಘಾನರು’ ಎಂದು ಒಟ್ಟಾಗಿ ಕರೆದರು. ಅವರಲ್ಲಿ ಬಹಳ ಜನ ಅಂದಿನ ಹಿಂದೂಸ್ತಾನದ ಬಲೂಚಿಸ್ತಾನ, ಸಿಂಧ್, ಪಂಜಾಬ್, ಪೆಶಾವರ ಕಡೆಯವರು, ಕರಾಚಿಯಲ್ಲಿ ಹಡಗು ಹತ್ತಿದವರು. ಆರ್ಥರ್ ಬೇಲಿಯ ಹೆಸರಿಟ್ಟ ಕೂಲ್ಗಾರ್ಡಿಯ ರಸ್ತೆ ಇಂದಿಗೂ ಅಸಂಬದ್ಧ ಅನ್ನಿಸುವಷ್ಟು ಅಗಲವಾಗಿದೆ. ಸಾಲಾಗಿ ಕಟ್ಟಿದ ಒಂಟೆಗಳು ಒಮ್ಮೆಗೇ ತಿರುಗಲಿ ಎಂದು ಹಾಗೆ ಬಿಟ್ಟದ್ದು ಎಂದು ಹೇಳುತ್ತಾರೆ. ರಸ್ತೆಯಲ್ಲಿ ಕೊಟ್ಟ ಜಾಗವನ್ನು ಮನಸ್ಸಿನಲ್ಲಿ ಕೊಡಲಿಲ್ಲ. ಏಷ್ಯದವರಿಗೆ ಚಿನ್ನ ಅಗೆಯುವ ಪರವಾನಗಿ ಇರಲಿಲ್ಲ. 1894ರಲ್ಲಿ ಈ ಸೀಮೆಯ ಒಂದು ನೀರಿನ ಗುಂಡಿಯ ಬಳಿ, ಪ್ರಾರ್ಥನೆಗೆ ಮುನ್ನ ಕಾಲು ತೊಳೆದು ನೀರು ಕೆಡಿಸಿದರೆಂದು ಜಗಳವಾಗಿ, ಬಿಳಿಯನೊಬ್ಬ ಗುಂಡು ಹಾರಿಸಿ ಇಬ್ಬರು ಒಂಟೆಯವರನ್ನು ಕೊಂದ. ನ್ಯಾಯಾಲಯ ಅವನನ್ನು ಬಿಟ್ಟಿತು. ಕೆರೆಯ ನೀರು ಯಾರು ಮುಟ್ಟಬೇಕು ಎಂಬ ಜಗಳ ನಮಗೂ ಹೊಸದಲ್ಲ, ಅದಕ್ಕೇ ಇಲ್ಲಿ ದನಿ ಏರಿಸುವುದಿಲ್ಲ.

ಈಗ ಕೊಳವೆಗೆ ಬರುತ್ತೇನೆ. ವಸಾಹತಿನ ಮುಖ್ಯ ಎಂಜಿನಿಯರ್ ಸಿ. ವೈ. ಓ’ಕಾನರ್ ಅವರ ಯೋಜನೆ ಹೀಗಿತ್ತು: ಪರ್ತ್ ಹತ್ತಿರ ಹೆಲೆನಾ ನದಿಗೆ ಮುಂಡಾರಿಂಗ್‌ನಲ್ಲಿ ಅಣೆಕಟ್ಟೆ, ಅಲ್ಲಿಂದ ಸುಮಾರು 530 ಕಿ.ಮೀ. ಉಕ್ಕಿನ ಕೊಳವೆ, ಎಂಟು ಉಗಿಯಂತ್ರದ ಪಂಪ್ ಸ್ಟೇಷನ್, ದಿನಕ್ಕೆ 50 ಲಕ್ಷ ಗ್ಯಾಲನ್ ನೀರು. ನೀರು ಮುನ್ನೂರು ಮೀಟರ್‌ಗೂ ಮಿಕ್ಕಿ ಏರಬೇಕು. ರಿವೆಟ್ ಹೊಡೆದ ಕೊಳವೆ ಸೋರುತ್ತದೆ ಎಂದು, ಅರೆ ಕೊಳವೆಯಾಗಿ ಬಗ್ಗಿಸಿದ ಎರಡು ತಗಡುಗಳನ್ನು ಉದ್ದನೆಯ ಪಟ್ಟಿಯಲ್ಲಿ ಕಚ್ಚಿಸಿ ಬಿಗಿಯುವ ಮೆಫನ್ ಫರ್ಗ್ಯೂಸನ್‌ನ ಹೊಸ ಬಗೆಯ ಕೊಳವೆಯನ್ನು ಆರಿಸಿದರು. ಅಂಥವು ಅರವತ್ತು ಸಾವಿರ. ಖರ್ಚಿಗೆ 25 ಲಕ್ಷ ಪೌಂಡ್ ಸಾಲ. ಸಾವಿರ ಗ್ಯಾಲನ್‌ಗೆ ಮೂರೂವರೆ ಶಿಲಿಂಗ್‌ಗೆ ನೀರು ಕೊಡಬಹುದು ಎಂಬುದು ಅವರ ಅಂದಾಜು. ಹಿಂದೆ ಒಂದು ಗ್ಯಾಲನ್‌ಗೇ ಶಿಲಿಂಗ್ ಎಣಿಸಿದ ಊರಿಗೆ ಈ ಮಾತು!

ಪತ್ರಿಕೆಗಳು, ಶಾಸಕರು ಸುಮ್ಮನಿರಲಿಲ್ಲ. ನೀರು ಮೇಲೇರುವುದಿಲ್ಲ, ದುಡ್ಡು ನುಂಗಿದ್ದಾರೆ, ಎಂಜಿನಿಯರ್ ಕಳ್ಳ. 1902ರ ಮಾರ್ಚ್ 10ರ ಬೆಳಿಗ್ಗೆ ಓ’ಕಾನರ್ ಕುದುರೆಯೇರಿ ಫ್ರೀಮ್ಯಾಂಟಲ್‌ನ ಕಡಲತೀರಕ್ಕೆ ಹೋಗಿ ಪ್ರಾಣ ಬಿಟ್ಟರು. ಬರೆದಿಟ್ಟ ಚೀಟಿಯಲ್ಲಿ, ಕೂಲ್ಗಾರ್ಡಿ ಯೋಜನೆ ಸರಿಯಾಗಿಯೇ ಇದೆ ಎಂದಿತ್ತು. ಕೊನೆಯ ಸಾಲು ಒಂದು ಕೆಲಸದ ಸೂಚನೆ: ಹೆಲೆನಾ ಅಣೆಕಟ್ಟೆಗೆ ಪಕ್ಕದ ಗೋಡೆಗಳನ್ನು ಕೂಡಲೇ ಕಟ್ಟಿಸಿ. ಆ ವರ್ಷದ ಡಿಸೆಂಬರ್‌ನಲ್ಲಿ ನೀರು ಕೂಲ್ಗಾರ್ಡಿ ತಲುಪಿತು. 1903ರ ಜನವರಿ 24ರಂದು, ಪಶ್ಚಿಮ ಆಸ್ಟ್ರೇಲಿಯದ ಸರ್ಕಾರದ ಮುಖ್ಯಸ್ಥರಾಗಿದ್ದ ಜಾನ್ ಫಾರೆಸ್ಟ್ ಯೋಜನೆಯನ್ನು ಉದ್ಘಾಟಿಸಿದರು.

ಇಲ್ಲಿ ನಮ್ಮ ಊರಿನ ಮಾತು ಒಂದು. ಇದಕ್ಕೆ ಏಳು ತಿಂಗಳ ಹಿಂದೆ, 1902ರ ಜೂನ್‌ನಲ್ಲಿ, ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿಯಲ್ಲಿ ವಿದ್ಯುತ್ ಕೆಜಿಎಫ್‌ಗೆ ಬಂದಿತ್ತು. ಇತ್ತ ನದಿಯ ಶಕ್ತಿ ತಂತಿಯಲ್ಲಿ ಬಂತು, ಅತ್ತ ನದಿಯೇ ಕೊಳವೆಯಲ್ಲಿ ಬಂತು. ಎರಡನ್ನೂ ಎಳೆತಂದದ್ದು ಒಂದೇ ಹಳದಿ ಲೋಹ.

ಆದರೆ ನೀರು ಬರುವ ಹೊತ್ತಿಗೆ ಕೂಲ್ಗಾರ್ಡಿ ಖಾಲಿಯಾಗತೊಡಗಿತ್ತು. ಮೇಲ್ಮಣ್ಣಿನ ಚಿನ್ನವನ್ನು ತೂರಿ ಮುಗಿಸಿದ್ದರು, ಕೆಳಗಿನ ಅದಿರು ನಿರೀಕ್ಷೆಯಷ್ಟು ಸಿಗಲಿಲ್ಲ. ಜನ ಕಾಲ್ಗೂರ್ಲಿಯ ಆಳದ ಗಣಿಗಳಿಗೆ ಹೊರಟರು. ಊರಿನ ಹೆಸರಿನಲ್ಲಿ ಮಂಜೂರಾದ ನೀರು ಊರನ್ನು ದಾಟಿ ಪಕ್ಕದೂರಿಗೆ ಹರಿಯಿತು. ಬಡವನ ಹೆಸರಿನಲ್ಲಿ ಬಂದ ಸೈಟು ಇನ್ನೊಬ್ಬನಿಗೆ ಹೋದ ಹಾಗೆ ಎಂದು ಮಗಳಿಗೆ ಹೇಳಿದೆ. ಅವಳು ನಗಲಿಲ್ಲ, ಬಿಸಿಲು ಹೆಚ್ಚಿತ್ತು.

ಮಳೆಯ ಕಥೆ ಹೇಳುತ್ತೇನೆ ಎಂದಿದ್ದೆ. ಊರಿನ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಬಾನಿವೇಲ್ ಎಂಬಲ್ಲಿ ಒಂದು ಗಣಿ ಇತ್ತು. 1907ರ ಮಾರ್ಚ್ 19ರಂದು ಗುಡುಗುಮಳೆ ಹುಚ್ಚೆದ್ದು ಸುರಿದು ನೀರು ಗಣಿಯ ಬಾಯಿಗೇ ನುಗ್ಗಿತು. ಮೇಲೆ ಬಂದವರನ್ನು ಎಣಿಸಿದಾಗ ಒಬ್ಬ ಕಡಿಮೆ. ಮೊಡೆಸ್ಟೊ ವರಿಷೆಟ್ಟಿ, ಇಟಲಿಯವನು. ಆಳದಲ್ಲಿ, ಸುರಂಗದಿಂದ ಮೇಲಕ್ಕೆ ಕೊರೆದ ಒಂದು ಕಿರುದಾರಿಯ ತುದಿಯಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಆ ಗಾಳಿಯ ಗುಳ್ಳೆಯಲ್ಲಿ ಅವನು ಕುಳಿತಿದ್ದ. ಬಂಡೆಯನ್ನು ಕುಟ್ಟಿದ ಸದ್ದು ಮೇಲಿನವರಿಗೆ ಕೇಳಿತು.

ಕಡಲು ಮುನ್ನೂರು ಚಿಲ್ಲರೆ ಕಿ.ಮೀ. ದೂರವಿರುವ ಒಣಸೀಮೆಗೆ ಮುಳುಗುಗಾರರು ಬೇಕಾದರು! ಕರಾವಳಿಯಿಂದ ವಿಶೇಷ ರೈಲಿನಲ್ಲಿ ಮುಳುಗುವ ಉಡುಪು, ಹಿತ್ತಾಳೆಯ ಟೋಪಿ, ಮುಳುಗುಗಾರರು ಬಂದರು. ಫ್ರಾಂಕ್ ಹ್ಯೂಸ್ ಎಂಬ ಗಣಿಗಾರ ಮುಳುಗು ವಿದ್ಯೆಯನ್ನೂ ಬಲ್ಲವನು. ಕೆಸರುನೀರಿನ ಕತ್ತಲೆಯಲ್ಲಿ ಗಾಳಿಕೊಳವೆ ಎಳೆದುಕೊಂಡು ಸುರಂಗ ದಾಟಿ ವರಿಷೆಟ್ಟಿಯನ್ನು ತಲುಪಿದ, ಊಟ, ಮೇಣದಬತ್ತಿ, ಕಾಗದ ಕೊಟ್ಟು ಬಂದ. ಮತ್ತೆ ಹೋದ. ಅಷ್ಟರಲ್ಲಿ ಮೇಲೆ ನೀರು ಎತ್ತುತ್ತಲೇ ಇದ್ದರು. ಒಂಬತ್ತು ದಿನಗಳ ಮೇಲೆ, ಮಾರ್ಚ್ 28ರಂದು, ಇಳಿದ ನೀರಿನಲ್ಲಿ ಹ್ಯೂಸ್ ಅವನನ್ನು ನಡೆಸಿಕೊಂಡು ಬಂದ. ಗಣಿಯ ಸೈರನ್ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ನಮ್ಮ ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಿದ್ದದ್ದನ್ನು ಕಂಡ ನನಗೆ, ಈ ಕಥೆಯನ್ನು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ನಿಂತು ಓದುವಾಗ ಕಾಲು ಗಟ್ಟಿಯಾಗಿರಲಿಲ್ಲ.

ಆ ಸಂಗ್ರಹಾಲಯವಿರುವುದು 1898ರಲ್ಲಿ ಕಟ್ಟಿದ ಕಲ್ಲಿನ ನ್ಯಾಯಾಲಯ ಕಟ್ಟಡದಲ್ಲಿ. ಈಗ ಊರಿನ ಜನಸಂಖ್ಯೆ ಸಾವಿರಕ್ಕೂ ಕಡಿಮೆ. ಮುಂದೆ ಅಷ್ಟು ಅಗಲದ ರಸ್ತೆ, ನಾವಿದ್ದ ಅರ್ಧ ಗಂಟೆಯಲ್ಲಿ ಹೋದದ್ದು ಎರಡು ಲಾರಿ. ಮಗಳು ಉದ್ಯಾನದ ನಲ್ಲಿಯಲ್ಲಿ ಬಾಟಲಿ ತುಂಬಿಕೊಂಡಳು. ಬೆಚ್ಚಗಿತ್ತು. ಮುಂಡಾರಿಂಗ್‌ನಿಂದ ಬಿಸಿಲಿನಲ್ಲಿ ನಡೆದು ಬಂದ ನೀರು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನ ಹಿರಿಯರೊಬ್ಬರು, “ಸ್ವಾಮಿ, ಅಲ್ಲಿಯ ಮಣ್ಣಿನಲ್ಲಿ ಈಗಲೂ ಚಿನ್ನ ಇದೆಯೇ?” ಎಂದು ಕೇಳಿದರು. ಇದೆ. ಸರ್ಕಾರದ ಸಣ್ಣ ಪರವಾನಗಿ ಪಡೆದು, ಲೋಹ ಪತ್ತೆ ಯಂತ್ರ ಹಿಡಿದು ರಜೆಯಲ್ಲಿ ಹುಡುಕುವ ಹವ್ಯಾಸಿಗಳಿದ್ದಾರೆ. ಮಣ್ಣು ತೂರುವವರೂ ಇದ್ದಾರೆ. ಗಾಳಿಗೆ ಕಾಯುವುದಿಲ್ಲ, ಸಣ್ಣ ಪೆಟ್ರೋಲ್ ಎಂಜಿನ್ ಒಯ್ಯುತ್ತಾರೆ.